ಶೂನ್ಯ ನೆರಳಿನ ದಿನ ಮೋಡ ಕವಿದರೆ ಮಕ್ಕಳಿಗೆ ಏನು ಮಾಡಿಸುವುದು?

ಪ್ರಶ್ನೆ (ಧಾರವಾಡದ ಶಿಕ್ಷಕಿ):
ನಾನು ಧಾರವಾಡ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಸೂರ್ಯ ನಡುನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳು ಬುಡದಲ್ಲೇ ಅಡಗುವ ದಿನ ನಮ್ಮ ಭಾಗಕ್ಕೆ ಮೇ 2 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಬರುತ್ತದೆ. ಮೇ ತಿಂಗಳಲ್ಲಿ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮುಂಗಾರಿನ ಮೋಡ. ಕಳೆದ ವರ್ಷ ಎಂಟನೆಯ ತರಗತಿಯವರೊಂದಿಗೆ ಮೈದಾನದಲ್ಲಿ ಮುಕ್ಕಾಲು ಗಂಟೆ ಕಾದರೂ ಬಿಸಿಲು ಬೀಳಲಿಲ್ಲ. ಜಿಟಿಜಿಟಿ ಮಳೆ ಹಿಡಿದು ಎಲ್ಲರೂ ಜಗಲಿ ಸೇರಿದೆವು. ಬಿಸಿಲಿರುವ ಬೇರೆ ದಿನಗಳಲ್ಲಿ ಇದನ್ನು ಮಾಡಿಸಲು ಬರುತ್ತದೆಯೇ?

ಉತ್ತರ (ಮೈಸೂರಿನ ನಿವೃತ್ತ ಶಿಕ್ಷಕ):
ಆ ಒಂದು ದಿನವನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ ಮೇಡಂ. ನನ್ನನ್ನು ಕೇಳಿದರೆ, ಮಾಯವಾದ ನೆರಳಿಗಿಂತ ಇರುವ ನೆರಳೇ ಹೆಚ್ಚು ಕಲಿಸುತ್ತದೆ, ಏಕೆಂದರೆ ಅದನ್ನು ಎರಡು ಊರುಗಳಲ್ಲಿ ಅಳೆದು ಭೂಮಿಯ ಸುತ್ತಳತೆಯನ್ನೇ ಲೆಕ್ಕ ಹಾಕಬಹುದು. ಡಿಸೆಂಬರ್ 21ರ ಸುಮಾರಿಗೆ, ನೆಲದಿಂದ ಸರಿಯಾಗಿ 1 ಮೀಟರ್ ಎತ್ತರ ನಿಲ್ಲುವ ಕೋಲಿನ ಮಧ್ಯಾಹ್ನದ ಅತಿ ಗಿಡ್ಡ ನೆರಳು ಮೈಸೂರಿನಲ್ಲಿ ಸುಮಾರು 72 ಸೆಂ.ಮೀ., ಕಲಬುರಗಿಯಲ್ಲಿ ಸುಮಾರು 86 ಸೆಂ.ಮೀ. ಇರುತ್ತದೆ. ಎಂಟನೆಯ ತರಗತಿಗೆ ತ್ರಿಕೋನಮಿತಿ ಬಂದಿರುವುದಿಲ್ಲ, ಆದ್ದರಿಂದ ಗ್ರಾಫ್ ಹಾಳೆಯ ಮೇಲೆ ಕೋಲಿಗೆ 10 ಸೆಂ.ಮೀ., ನೆರಳಿಗೆ 7.2 ಸೆಂ.ಮೀ. ಎಳೆಸಿ, ಕೋಲಿನ ತುದಿಯಲ್ಲಿ ಉಂಟಾಗುವ ಕೋನವನ್ನು ಕೋನಮಾಪಕದಿಂದ ಅಳೆಸಿದರೆ ಸಾಕು. ಎರಡು ಊರುಗಳ ಕೋನಗಳ ವ್ಯತ್ಯಾಸ 5 ಡಿಗ್ರಿ. ಅವುಗಳ ನಡುವಿನ ಉತ್ತರ–ದಕ್ಷಿಣ ದೂರ ಸುಮಾರು 560 ಕಿ.ಮೀ. ಪೂರ್ಣ ವೃತ್ತದಲ್ಲಿ ಅಂಥ 72 ಭಾಗಗಳಿರುವುದರಿಂದ ಭೂಮಿಯ ಸುತ್ತಳತೆ 40,320 ಕಿ.ಮೀ. ಎಂದು ಬರುತ್ತದೆ. ನಿಜವಾದದ್ದು 40,000 ಕಿ.ಮೀ.ಗೆ ತುಸು ಹೆಚ್ಚು. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಹಿಡಿದ ದಾರಿಯೂ ಇದೇ. ನಿಮಗೆ ಬೇಕಿರುವುದು ನಿಮ್ಮೊಂದಿಗೆ ಜೊತೆಗೂಡುವ ದೂರದ ಜಿಲ್ಲೆಯ ಒಂದು ಶಾಲೆ ಮಾತ್ರ. ದೂರವನ್ನು ಭೂಪಟದಲ್ಲಿ ನೇರ ಉತ್ತರ–ದಕ್ಷಿಣವಾಗಿ ಅಳೆಯಿರಿ. ಬಸ್ಸಿನ ಕಿಲೋಮೀಟರ್ ಹಿಡಿದರೆ ಭೂಮಿ ಊದಿಕೊಳ್ಳುತ್ತದೆ.

ಉತ್ತರ (ಕಲಬುರಗಿಯಿಂದ):
ಮೊದಲ ಸಲ ನಾನು ಗಡಿಯಾರದ 12 ಗಂಟೆಗೇ ಅಳೆಸಿ ಕೆಟ್ಟೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಕಲಬುರಗಿ ಅಲ್ಲಿಂದ ಐದೂಮುಕ್ಕಾಲು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷದಂತೆ ನಮ್ಮ ನಡುಹಗಲು 20 ನಿಮಿಷಕ್ಕೂ ಹೆಚ್ಚು ತಡ. 12ರಿಂದ 12.45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ, ಅತಿ ಗಿಡ್ಡದ್ದನ್ನು ಮಕ್ಕಳೇ ಆರಿಸಲಿ. ಕೋಲು ಒಂದು ಡಿಗ್ರಿ ವಾಲಿದರೂ ಸುತ್ತಳತೆಯ ಲೆಕ್ಕ ಐದರಲ್ಲಿ ಒಂದು ಪಾಲಿನಷ್ಟು ತಪ್ಪಬಹುದು. ಗಾರೆ ಕೆಲಸದವರ ತೂಗುಗುಂಡು ಹಿಡಿದು ನಿಲ್ಲಿಸಿ.

ಧಾರವಾಡದ ಶಿಕ್ಷಕಿ:
ಇಬ್ಬರಿಗೂ ಧನ್ಯವಾದಗಳು. ಆ ಹೊತ್ತಿಗೆ ಬಿಸಿಯೂಟದ ಗಂಟೆ ಹೊಡೆಯುವುದರಿಂದ ಒಂದು ದಿನದ ಮಟ್ಟಿಗೆ ಊಟವನ್ನು 1 ಗಂಟೆಗೆ ಇಡಲು ಅಡುಗೆಯವರನ್ನು ಕೇಳಿಕೊಳ್ಳುತ್ತೇನೆ. ಮೈಸೂರಿನ ಕಡೆಯ ಶಾಲೆಯೊಂದನ್ನು ಸರ್ ಸೂಚಿಸಿದರೆ ಡಿಸೆಂಬರ್ ಮೂರನೆಯ ವಾರಕ್ಕೆ ಕೋಲು ನೆಡಲು ನಾವು ಸಿದ್ಧ.