ಮಣ್ಣಿನಲ್ಲಿ ಮೈ ತೋರಿಸಲು ಮಡಕೆ ಸಾಕಾ, ಮೂರ್ತಿಯೇ ಬೇಕಾ?

ಹಸಿಮಣ್ಣು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಸ್ಟುಡಿಯೋದಲ್ಲಿ ಸೆರಾಮಿಕ್ಸ್ ಮಾಡುತ್ತೇನೆ. ಮಗಳು ಹುಟ್ಟಿದ ಮೇಲೆ ನನ್ನ ಮೈ ನನಗೇ ಗುರುತು ಸಿಗದ ಹಾಗಾಯಿತು. ಸಡಿಲವಾದ ಹೊಟ್ಟೆ, ಸಿಸೇರಿಯನ್ ಹೊಲಿಗೆ, ಹಾಲು ಕಟ್ಟಿ ಬಿಗಿದ ಎದೆ. ಇದನ್ನೇ ಮಣ್ಣಿನಲ್ಲಿ ಮಾಡಬೇಕು ಅನ್ನಿಸಿ, ತಿಗರಿ ಬಿಟ್ಟು ಕೈಯಲ್ಲೇ ಸುರುಳಿ ಸುತ್ತಿ ದೊಡ್ಡ ಪಾತ್ರೆ ಕಟ್ಟುತ್ತಿದ್ದೇನೆ. ಜೊತೆಯವರು "ಇದು ಮಡಕೆ, ಮೈ ಎಲ್ಲಿದೆ?" ಅಂತಾರೆ. ಮನೆಗೆ ತಂದಾಗ ನಮ್ಮ ಅತ್ತೆ ನೋಡಿದವರೇ ಅದರ ಮೇಲೆ ಟವೆಲ್ ಹೊದಿಸಿದರು! ಹಾಗಾದರೆ ಹೆಣ್ಣಿನ ಮೂರ್ತಿಯನ್ನೇ ಮಾಡಿಬಿಡಲಾ? ಪ್ರದರ್ಶನದಲ್ಲಿ ಪಕ್ಕಕ್ಕೆ "ಬಾಣಂತಿಯ ಮೈ" ಅಂತ ಚೀಟಿ ಇಡಬೇಕಾ? ಇನ್ನೊಂದು ವಿಷಯ, ಗ್ಲೇಜ್ ಹಾಕಿದರೆ ಗಾಜಿನ ಹೊಳಪು ಬರುತ್ತೆ, ಚರ್ಮ ಅನ್ನಿಸುವುದೇ ಇಲ್ಲ.

ಕೆಮ್ಮಣ್ಣು_ಲಂಡನ್:

ಮೂರ್ತಿ ಬೇಡ, ಮಡಕೆಯಲ್ಲೇ ಇರಿ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ ಮ್ಯಾಗ್ಡಲೀನ್ ಓಡುಂಡೊ ಅನ್ನುವ ಸೆರಾಮಿಕ್ಸ್ ಕಲಾವಿದೆ. 1950ರಲ್ಲಿ ಕೀನ್ಯಾದ ನೈರೋಬಿಯಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಸ್ವಲ್ಪ ಕಾಲ ನಮ್ಮ ಭಾರತದಲ್ಲೂ ಓದಿದ್ದಾರೆ. 1971ರಲ್ಲಿ ಇಂಗ್ಲೆಂಡಿಗೆ ಬಂದರು. ಅವರ ಪಾತ್ರೆಗಳು ಇಲ್ಲಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ಇವೆ. ಅವಕ್ಕೆ ಮುಖ ಇಲ್ಲ, ಕೈಕಾಲಿಲ್ಲ. ಆದರೂ ಎದುರು ನಿಂತರೆ ಒಬ್ಬ ಹೆಂಗಸಿನ ಎದುರು ನಿಂತ ಹಾಗೇ ಇರುತ್ತದೆ. ಹೊಟ್ಟೆ ಮುಂದಕ್ಕೆ ಉಬ್ಬಿದ್ದರೆ ಕತ್ತು ಹಿಂದಕ್ಕೆ ವಾಲಿರುತ್ತದೆ, ದಿನ ತುಂಬಿದ ಬಸುರಿ ಸೊಂಟಕ್ಕೆ ಕೈಕೊಟ್ಟು ನಿಂತ ಹಾಗೆ. ಕೆಲವದರ ಮೇಲೆ ಸಾಲಾಗಿ ಸಣ್ಣ ಉಬ್ಬುಗಳು. ಬೆನ್ನುಮೂಳೆಯೋ ಮೊಲೆತೊಟ್ಟೋ, ನೋಡುವವರಿಗೆ ಬಿಟ್ಟಿದ್ದು. ನಿಮ್ಮ ಅತ್ತೆಯವರು ಟವೆಲ್ ಹೊದಿಸಿದ್ದಾರೆ ಅಂದರೆ ಮೈ ಅವರಿಗೆ ಕಂಡಿದೆ, ಅಲ್ವಾ?

1974ರಲ್ಲಿ ಓಡುಂಡೊ ನೈಜೀರಿಯಾದ ಅಬುಜಾ ಕುಂಬಾರಿಕೆ ಕೇಂದ್ರಕ್ಕೆ ಹೋಗಿ ಅಲ್ಲಿನ ಗ್ಬಾರಿ ಜನಾಂಗದ ಹೆಂಗಸರಿಂದ ಕೈಯಲ್ಲೇ ಮಡಕೆ ಕಟ್ಟುವುದನ್ನು ಕಲಿತರು. ಅಲ್ಲಿ ಹೆಸರಾಗಿದ್ದವರು ಲಾಡಿ ಕ್ವಾಲಿ. ಅವರ ಚಿತ್ರ ನೈಜೀರಿಯಾದ 20 ನೈರಾ ನೋಟಿನ ಮೇಲಿದೆ. ಕುಂಬಾರಗಿತ್ತಿಗೆ ಒಂದು ದೇಶ ಕೊಟ್ಟ ಇಂಥ ಮರ್ಯಾದೆ ನನಗೆ ಬಹಳ ಇಷ್ಟ. ಗ್ಬಾರಿ ಹೆಂಗಸರು ಕಟ್ಟುವಾಗ ಮಡಕೆ ನಿಂತಿರುತ್ತದೆ, ಕಟ್ಟುವವರೇ ಅದರ ಸುತ್ತ ಸುತ್ತುತ್ತಾರೆ. ಒಂದು ಮೈಯ ಸುತ್ತ ಇನ್ನೊಂದು ಮೈ ಓಡಾಡಿ ಆದ ಪಾತ್ರೆ ಅದು. ನೀವೂ ಹಾಗೇ ಮಾಡಿ ನೋಡಿ. ಟೇಬಲ್ ಮೇಲೆ ತಿರುಗಿಸಿಕೊಂಡು ಕಟ್ಟಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣುತ್ತದೆ.

ಇನ್ನು ಚರ್ಮದ ಮಾತು. ಗ್ಲೇಜ್ ಬಿಟ್ಟುಬಿಡಿ. ಜೇಡಿಮಣ್ಣನ್ನು ನೀರಲ್ಲಿ ಕದಡಿ, ದಪ್ಪ ಕಣ ಕೆಳಗಿಳಿದ ಮೇಲೆ ಮೇಲಿನ ನುಣ್ಣನೆಯ ಮಣ್ಣುನೀರು ಬಸಿದುಕೊಳ್ಳಿ. ಅರ್ಧ ಒಣಗಿದ ಪಾತ್ರೆಗೆ ಅದನ್ನು ಬಳಿದು, ನುಣುಪು ಕಲ್ಲಿನಿಂದ ಉಜ್ಜಿ. ಮಣ್ಣಿನ ಕಣಗಳು ಚಪ್ಪಟೆಯಾಗಿ ಮಲಗಿ ಹೊಳಪು ತಾನಾಗಿ ಬರುತ್ತದೆ. ಓಡುಂಡೊ ಮಾಡುವುದೂ ಇದನ್ನೇ. ಗಾಳಿ ಚೆನ್ನಾಗಿ ಆಡಿದರೆ ಮೊದಲ ಸುಡುವಿಕೆಯಲ್ಲಿ ಕಿತ್ತಳೆಗೆಂಪು. ಮತ್ತೆ ಮುಚ್ಚಿದ ಪೆಟ್ಟಿಗೆಯೊಳಗೆ ಮರದ ಹೊಟ್ಟಿನ ಜೊತೆ ಹೊಗೆಗೆ ಇಟ್ಟರೆ ಕಪ್ಪು. ಸ್ಟುಡಿಯೋದವರು 1200 ಡಿಗ್ರಿಗೆ ಸುಡುತ್ತಿದ್ದರೆ ನಿಮ್ಮದನ್ನು ಬೇರೆ ಸುಡಲು ಹೇಳಿ. 1000 ದಾಟಿದರೆ ಉಜ್ಜಿದ ಹೊಳಪು ಸತ್ತುಹೋಗುತ್ತದೆ. ಉಜ್ಜುವ ಕೆಲಸ ಮಾತ್ರ ಬೇರೆಯವರಿಗೆ ಕೊಡಬೇಡಿ. ನೀವು ಹುಡುಕುತ್ತಿರುವ ಆಪ್ತತೆ ಅಲ್ಲೇ ಇದೆ, ಪಾತ್ರೆಯ ಒಂದೊಂದು ಅಂಗುಲವನ್ನೂ ನಿಮ್ಮ ಕೈ ಮುಟ್ಟಿರುತ್ತದೆ.

ಚೀಟಿ ಬೇಡ. ಓಡುಂಡೊ ಅವರ ಎಷ್ಟೋ ಪಾತ್ರೆಗಳಿಗೆ 'ಅನ್‌ಟೈಟಲ್ಡ್' ಅಂತಷ್ಟೇ ಹೆಸರು.

ಆವಿಗೆಮನೆ:

ಚೀಟಿ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ನಮ್ಮ ಕಡೆ ಬಾಣಂತಿಯ ಮೈ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಒಂದು ಸಾಲು ಬರೆದಿಟ್ಟರೆ ಬಂದ ಹೆಂಗಸರಿಗೆ ಮಾತಾಡಲು ಧೈರ್ಯ ಬರುತ್ತೆ. ಬರೀರಿ ಅಕ್ಕ.

ನಮ್ಮದು ಕುಂಬಾರರ ಮನೆ. ಕೆಂಪು, ಕಪ್ಪು ಎರಡೂ ನಮ್ಮ ನೆಲಕ್ಕೆ ಹೊಸದಲ್ಲ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಕಲ್ಲುಗೋರಿಗಳಲ್ಲಿ ಸಿಕ್ಕಿದ್ದು ಇಂಥವೇ ಉಜ್ಜಿದ ಕಪ್ಪು-ಕೆಂಪು ಮಡಕೆಗಳು. ಸತ್ತವರ ಮೂಳೆ ಜೊತೆ ಇಟ್ಟಿದ್ದರು.

ಹೊಟ್ಟೆ ಉಬ್ಬಿಸುವುದನ್ನು ನಮ್ಮಪ್ಪನಿಂದ ಕಲಿತಿದ್ದು ಹೇಳ್ತೀನಿ. ಒಳಗೆ ಎಡಗೈಯಲ್ಲಿ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ಹೋಗಿ. ಗೋಡೆ ತೆಳ್ಳಗಾಗುತ್ತೆ, ಗಟ್ಟಿಯೂ ಆಗುತ್ತೆ. ಹೊರಗಿನಿಂದ ಮಣ್ಣು ಮೆತ್ತಿ ಉಬ್ಬಿಸಿದ ಹೊಟ್ಟೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ.

ಹಸಿಮಣ್ಣು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೂರ್ತಿ ಯೋಚನೆ ಬಿಟ್ಟೆ. ಹೊಲಿಗೆಯ ಗುರುತನ್ನು ಮಾತ್ರ ಒಂದು ಗೆರೆಯಾಗಿ ಉಳಿಸಿಕೊಳ್ಳುತ್ತೇನೆ, ಅದಿಲ್ಲದಿದ್ದರೆ ಅದು ನನ್ನ ಮೈ ಅಲ್ಲ. ಚೀಟಿ ಬಗ್ಗೆ ಇನ್ನೂ ಯೋಚಿಸಬೇಕು. ಆವಿಗೆಮನೆಯವರೇ, ಕತ್ತು ವಾಲಿಸಿದರೆ ಬುಡದಲ್ಲಿ ಬಿರುಕು ಬಿಡುತ್ತಲ್ಲ, ಅದಕ್ಕೇನು ಮಾಡೋದು?

ಆವಿಗೆಮನೆ:

ಕಟ್ಟಿದ ಮೇಲೆ ಬಗ್ಗಿಸಬೇಡಿ, ವಾಲಿಸಿಕೊಂಡೇ ಕಟ್ಟಿ. ಹೊಟ್ಟೆ ಸ್ವಲ್ಪ ಬಿಗಿದ ಮೇಲೆ ಕತ್ತು ಶುರು ಮಾಡಿ, ಸೇರುವ ಜಾಗ ಒದ್ದೆ ಇರಲಿ. ಮಣ್ಣಿಗೆ ಸುಟ್ಟ ಮಡಕೆಯ ಪುಡಿ ಜರಡಿ ಹಿಡಿದು ಸೇರಿಸಿ, ಆದರೆ ಪುಡಿ ನುಣ್ಣಗಿರಬೇಕು, ಇಲ್ಲಾಂದ್ರೆ ಉಜ್ಜುವಾಗ ಗೀರು ಬೀಳುತ್ತೆ. ಒಣಗಲು ಬಿಟ್ಟಾಗ ಬಾಯಿ ಮತ್ತು ಕತ್ತಿಗೆ ಪ್ಲಾಸ್ಟಿಕ್ ಸುತ್ತಿ, ಹೊಟ್ಟೆ ತೆರೆದಿಡಿ. ತೆಳ್ಳಗಿರುವ ಕಡೆ ಬೇಗ ಒಣಗಿ ಎಳೆಯುವುದರಿಂದಲೇ ಬುಡದಲ್ಲಿ ಸೀಳೋದು.