ಪಾಪರ್ ಅರ್ಜಿ ಹಾಕಿದರೆ ಎಲ್ಲ ನಿಲ್ಲುತ್ತಾ?

ಪ್ರಶ್ನೆ: ವಕೀಲರೇ, ಹಾವೇರಿ ಜಿಲ್ಲೆಯಲ್ಲಿ ನನ್ನದು ಟೈಲರ್ ಅಂಗಡಿ. ಬ್ಯಾಂಕಿನ ಪರ್ಸನಲ್ ಲೋನ್, ಕೈಗಡ, ಚೀಟಿ ಬಾಕಿ ಸೇರಿ 14 ಲಕ್ಷ ಸಾಲ. ಒಬ್ಬರು ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಪಡೆದು ಅಮಲ್ಜಾರಿಗೂ (ಅದರ ವಸೂಲಿಗೂ) ಹಾಕಿದ್ದಾರೆ. ಪಾಪರ್ ಅರ್ಜಿ ಹಾಕಿದರೆ ಎಲ್ಲ ನಿಲ್ಲುತ್ತಾ? ಹೊಲಿಗೆ ಮಷೀನೂ ಹೋಗುತ್ತಾ?

ಉತ್ತರ: ಪಾಪರ್ ಅರ್ಜಿ, ಅಂದರೆ ದಿವಾಳಿ ಅರ್ಜಿ, ಕೊಟ್ಟ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ. 2016ರ ದಿವಾಳಿ ಸಂಹಿತೆಯ ಹೆಸರು ಕೇಳಿರುತ್ತೀರಿ. ಅದರಲ್ಲಿ ವ್ಯಕ್ತಿಗಳ ಭಾಗ ಜಾರಿಯಾಗಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಿಮಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದರ ಪ್ರಕಾರ 500 ರೂಪಾಯಿ ಸಾಲ ತೀರಿಸಲಾಗದವನೂ ಅರ್ಜಿ ಹಾಕಬಹುದು; ನೂರು ವರ್ಷದಿಂದ ಆ ಅಂಕಿ ಹಾಗೇ ಕೂತಿದೆ.

ಅರ್ಜಿ ಹೋಗುವುದು ನೀವು ವಾಸವಿರುವ ಅಥವಾ ದುಡಿಯುವ ಊರಿನ ಮೇಲೆ ಅಧಿಕಾರವಿರುವ ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಸರ್ಕಾರ ಈ ಅಧಿಕಾರ ಕೊಟ್ಟ ಕೆಳ ನ್ಯಾಯಾಲಯಕ್ಕೆ. ನಿಮಗೆ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ ಬರೆಯಬೇಕು. ನಿಮ್ಮ ಆಸ್ತಿ ಎಲ್ಲಿದೆ, ಬೆಲೆ ಎಷ್ಟು, ಅದನ್ನು ಕೋರ್ಟಿನ ವಶಕ್ಕೆ ಬಿಡಲು ಸಿದ್ಧ ಎಂಬ ಹೇಳಿಕೆಯೂ ಬೇಕು. ವಿಳಾಸ ತಪ್ಪಿದರೆ ನೋಟಿಸ್ ವಾಪಸ್ ಬಂದು ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ವಿಚಾರಣೆ ದಿನ ನಿಮ್ಮನ್ನು ಕಟಕಟೆಗೆ ಕರೆದು ದುಡ್ಡು ಎಲ್ಲಿ ಹೋಯಿತೆಂದು ಕೆದಕುತ್ತಾರೆ. ಲೆಕ್ಕದ ಪುಸ್ತಕ ಕೈಯಲ್ಲಿರಲಿ.

ದಿವಾಳಿ ಎಂದು ಆದೇಶವಾದ ಮೇಲೆ ಆಸ್ತಿ ಕೋರ್ಟಿಗೆ ಅಥವಾ ರಿಸೀವರ್‌ಗೆ (ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವವರಿಗೆ) ಸೇರುತ್ತದೆ. ಕೋರ್ಟಿನ ಅನುಮತಿಯಿಲ್ಲದೆ ಯಾರೂ ಹೊಸ ದಾವೆ ಹೂಡುವಂತಿಲ್ಲ. ಆದರೆ ಅಡವಿಟ್ಟ ಆಸ್ತಿಯ ಮೇಲಿನ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ. ಬಂಧನದ ಭಯವಿದ್ದರೆ 31ನೇ ಕಲಮಿನಡಿ ರಕ್ಷಣಾ ಆದೇಶಕ್ಕೆ ಬೇರೆ ಅರ್ಜಿ ಹಾಕಿ, ತಾನಾಗಿ ಸಿಗುವುದಿಲ್ಲ. ಹೊಲಿಗೆ ಮಷೀನು ಕಸುಬಿನ ಸಲಕರಣೆ. ಅದನ್ನೂ ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿಯನ್ನೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ಹೊರಗಿಟ್ಟಿದೆ. ಮಾರಾಟಕ್ಕಿಟ್ಟ ಬಟ್ಟೆ ಥಾನುಗಳಿಗೆ ಆ ರಕ್ಷೆ ಇಲ್ಲ.

ಪ್ರಶ್ನೆ: ಹೋದ ವರ್ಷ ಸೈಟನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿದೆ. ಬ್ಯಾಂಕಿನಲ್ಲಿ ಅಣ್ಣ ಜಾಮೀನು ಹಾಕಿದ್ದಾನೆ.

ಉತ್ತರ: ದಾನಪತ್ರವಾಗಿ 2 ವರ್ಷದೊಳಗೆ ಅರ್ಜಿ ಬಿದ್ದು ನೀವು ದಿವಾಳಿ ಎಂದಾದರೆ ರಿಸೀವರ್ ಅದನ್ನು ರದ್ದು ಮಾಡಿಸಬಹುದು. ಸೈಟಿನ ವಿಷಯ ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲೂ ಆಗಬಹುದು. ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಬೇಕಾದ ಒಬ್ಬರಿಗಷ್ಟೇ ಸಾಲ ತೀರಿಸಿದ್ದರೆ ಆ ಪಾವತಿಗೂ ದಾನಪತ್ರದ ಹಾಗೆ ರದ್ದಾಗುವ ತಂಟೆ. ಅಣ್ಣನ ಜಾಮೀನು ಮಾತ್ರ ಕೋರ್ಟು ನಿಮ್ಮನ್ನು ಸಾಲದಿಂದ ಬಿಡುಗಡೆ ಮಾಡಿದರೂ ಹೋಗದು. ಬ್ಯಾಂಕು ಅವರ ಬೆನ್ನು ಹತ್ತುತ್ತದೆ, ಈಗಲೇ ಅವರಿಗೆ ಹೇಳಿಬಿಡಿ.

ಇನ್ನೊಬ್ಬ ವಕೀಲರು: ಚೆಕ್ ಬೌನ್ಸ್ ಕೇಸಿದ್ದರೆ ಅದು ಕ್ರಿಮಿನಲ್, ಪಾಪರ್ ಆದರೂ ನಡೆಯುತ್ತದೆ. ಇನ್ನೊಂದು, ಆದೇಶದಲ್ಲೇ ಬಿಡುಗಡೆಗೆ ಅರ್ಜಿ ಹಾಕಲು ಗಡುವು ಬರೆದಿರುತ್ತಾರೆ. ದಿವಾಳಿ ಆದೆ, ಮುಗೀತು ಅಂತ ಮನೆಯಲ್ಲಿ ಕೂತರೆ ಆ ಆದೇಶವೇ ರದ್ದಾಗಿ ಸಾಲ ಮತ್ತೆ ತಲೆ ಮೇಲೆ ಬರುತ್ತದೆ. ಆಸ್ತಿ ಮಾರಿ ಸಾಲದ ಪ್ರತಿ ರೂಪಾಯಿಗೆ 50 ಪೈಸೆಯೂ ಹುಟ್ಟದಿದ್ದರೆ, ಬಿಡುಗಡೆ ಸಿಗಲು ಅದು ನಿಮ್ಮ ತಪ್ಪಿನಿಂದಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಸಬೇಕು. ನಷ್ಟದ ಕಾಗದಪತ್ರ ಇಂದಿನಿಂದಲೇ ಜೋಡಿಸಿಡಿ.