ಸಹಾಯ ಬೇಕು: ಮೊದಲ ಹವಳದ ತೊಟ್ಟಿಗೆ ಲೈಟ್ ಎಷ್ಟು ಹಾಕಲಿ?

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಗಪ್ಪಿ, ಏಂಜೆಲ್‌ನಂಥ ಸಿಹಿನೀರಿನ ಮೀನು ಸಾಕಿದ ಧೈರ್ಯದಲ್ಲಿ ಈಗ ಉಪ್ಪುನೀರಿಗೆ ಇಳಿದಿದ್ದೇನೆ. ಮನೆ ಬೆಂಗಳೂರಲ್ಲಿ. ತೊಟ್ಟಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಎತ್ತರವೂ ಅಷ್ಟೇ. ಸುಮಾರು 190 ಲೀಟರ್. ಆರು ವಾರದಿಂದ ಬರೀ ಕಲ್ಲು, ಮರಳು. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಜೀವಿಗಳಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ.

ಗಟ್ಟಿ ಹವಳದ ಆಸೆ ಇಲ್ಲ, ವನ್ಯಜೀವಿ ಕಾಯ್ದೆಯಲ್ಲಿ ಅವಕ್ಕೆ ರಕ್ಷಣೆ ಇದೆ ಅಲ್ವಾ. ಮಶ್ರೂಮ್, ಜೋಆಂತಿಡ್‌ನಂಥ ಮೆತ್ತನೆಯ ಹವಳ ಇದ್ದರೆ ಸಾಕು.

ತಲೆನೋವು ಲೈಟಿನದ್ದು. 165 ವಾಟ್ ಎಲ್‌ಇಡಿ ಒಂದನ್ನು ನೀರಿನಿಂದ ಒಂದಡಿ ಮೇಲೆ ತೂಗುಹಾಕಿದ್ದೇನೆ. ಬಿಳಿ ಪೂರ್ತಿ ಉರಿಸಿದ್ದಕ್ಕೆ ನಾಲ್ಕೇ ದಿನದಲ್ಲಿ ಮರಳಿನ ಮೇಲೆ ಕಾಫಿ ಚರಟ ಚೆಲ್ಲಿದ ಹಾಗೆ ಕಂದು ಪಾಚಿ! ಅಂಗಡಿಯವರು "ಹನ್ನೆರಡು ಗಂಟೆ ಹಾಕಿ ಸಾರ್" ಅಂದಿದ್ದರು. ಈಗ ನೀಲಿ 40, ಬಿಳಿ 10 ಪರ್ಸೆಂಟ್, ದಿನಕ್ಕೆ 8 ಗಂಟೆ. ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?

ಇನ್ನೊಂದು, ತೊಟ್ಟಿಯ ಎರಡೂ ತುದಿ ಮಬ್ಬಾಗಿವೆ. ಎರಡನೇ ಲೈಟ್ ಬೇಕೇ ಬೇಕಾ, ಅಥವಾ ಇದನ್ನೇ ಮೇಲೆತ್ತಿದರೆ ಸಾಕಾ? ಸುಮ್ನೆ ದುಡ್ಡು ಸುರಿಯೋಕೆ ಮನಸ್ಸಿಲ್ಲ. ಯಾರ ಹತ್ತಿರವಾದರೂ ಪಾರ್ ಮೀಟರ್ (ಹವಳಕ್ಕೆ ಸಿಗುವ ಬೆಳಕು ಅಳೆಯುವ ಸಾಧನ) ಇದ್ದರೆ ಒಂದು ಭಾನುವಾರ ತರುತ್ತೀರಾ? ಕಾಫಿ, ತಿಂಡಿ ನಮ್ಮನೇದು.